ಮೇಸ್ತ್ರಿಯ ಪಕ್ಕ ಇಪ್ಪತ್ತು ನಿಮಿಷ

ನಾನು ಸುಳ್ಳು ಹೇಳುವ ಮನುಷ್ಯನಲ್ಲ. ಇದ್ದದ್ದನ್ನು ಒಂದು ಅಳತೆ ದೊಡ್ಡದಾಗಿ ಹೇಳುವ ಮನುಷ್ಯ, ಅಷ್ಟೇ. ಈ ಎರಡಕ್ಕೂ ಇರುವ ವ್ಯತ್ಯಾಸ ನನ್ನ ಹೆಂಡತಿಗೆ ಇಪ್ಪತ್ತು ವರ್ಷವಾದರೂ ತಲೆಗೆ ಹೋಗಿಲ್ಲ. ಹಾಗಾಗಿ ಈ ಕಥೆಯನ್ನು ಅವಳು ಹೇಳಿದರೆ ಬೇರೆ ಥರ ಇರುತ್ತದೆ. ಅವಳು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಮೇಸ್ತ್ರಿ ಅಂದರೆ ನಮ್ಮ ನಾಯಿ. ನಾಲ್ಕು ವರ್ಷದ ಹಿಂದೆ ನಮ್ಮ ಕಟ್ಟಡದ ರಿಪೇರಿ ನಡೆಯುವಾಗ ಎಲ್ಲಿಂದಲೋ ಬಂದ ಮರಿ. ಮರಳಿನ ರಾಶಿಯ ಮೇಲೆ ಕೂತು ಕೆಲಸದವರನ್ನು ದಿನವಿಡೀ ನೋಡುತ್ತಿತ್ತು. ಯಾರಾದರೂ ಕೈಕಟ್ಟಿ ಕೂತರೆ ಬೊಗಳುತ್ತಿತ್ತು. ರಿಪೇರಿ ಮುಗಿಯಿತು, ಕೆಲಸದವರು ಹೋದರು, ಮೇಸ್ತ್ರಿ ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಉಳಿದ. ಈಗ ಇಪ್ಪತ್ತನಾಲ್ಕು ಕಿಲೋ ಇದ್ದಾನೆ. ಈ ತೂಕವನ್ನು ನೆನಪಿಟ್ಟುಕೊಳ್ಳಿ, ನನ್ನ ಸೊಂಟ ಇನ್ನೂ ನೆನಪಿಟ್ಟುಕೊಂಡಿದೆ.

ಪಕ್ಕದ ಕಟ್ಟಡದಲ್ಲಿ ಒಂದು ಬಿಳಿ ಹೆಣ್ಣು ನಾಯಿ ಇದೆ. ಅದು ಬಾಲ್ಕನಿಗೆ ಬಂದು ಒಂದು ಸಲ ಬೊಗಳಿದರೆ ಮೇಸ್ತ್ರಿಗೆ ಲೋಕವೇ ಮರೆತುಹೋಗುತ್ತಿತ್ತು. ಹೋದ ತಿಂಗಳು ಹೀಗೇ ಮೈಮರೆತು ಮೆಟ್ಟಿಲಿಳಿದು ಓಡುವಾಗ, ಹಗ್ಗದ ಮೇಲೆ ಒಣಗಲು ಹಾಕಿದ್ದ ಅಧ್ಯಕ್ಷರ ಪ್ಯಾಂಟು ಕುತ್ತಿಗೆಗೆ ಸುತ್ತಿಕೊಂಡಿತು. ಅಧ್ಯಕ್ಷರು ಅಂದರೆ ನಮ್ಮ ಕಟ್ಟಡದ ಸಮಿತಿಯ ಅಧ್ಯಕ್ಷರು. ಅವರು ಕೆಳಗೆ ಸಭೆಯಲ್ಲಿ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದರು. ಮೇಸ್ತ್ರಿ ಅವರ ಪ್ಯಾಂಟು ಧರಿಸಿ ಆ ಸಭೆಯ ನಡುವೆಯೇ ಹಾದುಹೋದ. ಪ್ಯಾಂಟಿನ ಒಂದು ಕಾಲು ಮಾತ್ರ ವಾಪಸು ಸಿಕ್ಕಿತು.

ಮರುದಿನ ಬಾಗಿಲಿಗೆ ನೋಟಿಸು ಅಂಟಿತ್ತು. ಸದರಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸತಕ್ಕದ್ದು. ಮುಂದಿನ ಸಭೆಯಲ್ಲಿ ಸದರಿ ನಾಯಿಯನ್ನು ಹಾಜರುಪಡಿಸತಕ್ಕದ್ದು. ಅಂದು ಅದು ಶಾಂತವಾಗಿ ಕಂಡುಬಾರದಿದ್ದಲ್ಲಿ ಕಟ್ಟಡದಿಂದ ಹೊರಹಾಕತಕ್ಕದ್ದು. ಅಲ್ಲಿಯವರೆಗೆ ಸದರಿ ನಾಯಿ ಲಿಫ್ಟ್ ಬಳಸುವಂತಿಲ್ಲ.

ಹೊರಹಾಕಿದರೆ ಎಲ್ಲಿಗೆ ಅನ್ನುವುದಕ್ಕೂ ಉತ್ತರ ತಯಾರಾಗಿತ್ತು. ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಟೈಲ್ಸ್ ಗೋಡೌನು ಇಟ್ಟುಕೊಂಡಿದ್ದಾರೆ. ಸುದ್ದಿ ಕೇಳಿದ್ದೇ ಬಂದರು.

"ನನಗೆ ಕೊಟ್ಬಿಡಿ. ಗೇಟಿನ ಹತ್ರ ಕಟ್ಟಿಹಾಕ್ತೀನಿ. ಹಗಲೂ ಸರಪಳಿ, ರಾತ್ರೀನೂ ಸರಪಳಿ. ಯಾವ ತೊಂದರೇನೂ ಇರಲ್ಲ."

ಅವತ್ತು ನನಗೆ ಅನ್ನ ಇಳಿಯಲಿಲ್ಲ. ಮೇಸ್ತ್ರಿ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಮಲಗಿದ್ದ. ನನಗೆ ಈ ನಾಯಿ ಬೇಕು, ಬೇಕೇ ಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಎರಡು ಬೀದಿ ಆಚೆ ಪ್ರಾಣಿಗಳ ಡಾಕ್ಟರಮ್ಮನ ಕ್ಲಿನಿಕ್ಕು. ಹೊರಗೆ ದೊಡ್ಡ ಬೋರ್ಡು: ಇಲ್ಲಿ ಲೇಸರ್ ಶಸ್ತ್ರಚಿಕಿತ್ಸೆ ಲಭ್ಯ. ಆ ಬೋರ್ಡು ಓದಿದಾಗ ನನ್ನೊಳಗೆ ಏನೋ ಅರಳಿತು. ಭಾವ ಎರಡು ವರ್ಷದ ಹಿಂದೆ ಕಣ್ಣಿಗೆ ಲೇಸರ್ ಮಾಡಿಸಿಕೊಂಡವರು. ಅಂದಿನಿಂದ ನೆಂಟರು ಸೇರಿದ ಕಡೆಯಲ್ಲೆಲ್ಲ ಅದೇ ಪುರಾಣ. ಈಗ ನಮ್ಮ ಮನೆಗೂ ಲೇಸರ್ ಬಂತು. ಡಾಕ್ಟರಮ್ಮ ಏನೇನೋ ಹೇಳುತ್ತಿದ್ದರು, ಒಂದು ಕಾಗದ ಮುಂದೆ ಇಟ್ಟರು. ಇದನ್ನು ಭಾವನಿಗೆ ಯಾವ ಧಾಟಿಯಲ್ಲಿ ಹೇಳಬೇಕು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಾ ಸಹಿ ಹಾಕಿದೆ.

ಸಂಜೆ ಮೇಸ್ತ್ರಿಯನ್ನು ಕರೆದುಕೊಂಡು ಬರಲು ಹೋದಾಗ ಮಾತ್ರ ಡಾಕ್ಟರಮ್ಮನ ಮಾತನ್ನು ಕಿವಿಗೊಟ್ಟು ಕೇಳಿದೆ. "ಹತ್ತು ದಿನ ಹಾರಬಾರದು, ಓಡಬಾರದು, ಮೆಟ್ಟಿಲು ಹತ್ತಿಳಿಯಬಾರದು, ಗಾಯ ನೆಕ್ಕಬಾರದು. ಬಾಯಿ ಗಾಯಕ್ಕೆ ತಾಗದ ಹಾಗೆ ಈ ಪ್ಲಾಸ್ಟಿಕ್ ಕೋನ್ ಕುತ್ತಿಗೇಲೇ ಇರ್ಲಿ. ದಿನಕ್ಕೆ ಎರಡು ಸಲ ಗಾಯ ನೋಡಿ, ಊದ್ಕೊಂಡ್ರೆ ಫೋನ್ ಮಾಡಿ. ಮಾತ್ರೆ ಊಟದ ಜೊತೆ. ಹಳೇ ಚಾಳಿ ಒಂದೇ ದಿನಕ್ಕೆ ಹೋಗಲ್ಲ, ಕೆಲವು ವಾರ ಬೇಕು. ಮುಖ್ಯ ಅಂದ್ರೆ ಶಾಂತವಾಗಿರ್ಬೇಕು. ಗಾಯ ಬಿಚ್ಚಿಕೊಂಡ್ರೆ ಮತ್ತೆ ಮೊದಲಿಂದ."

ಹನ್ನೊಂದನೇ ದಿನ ಸಭೆ. ಮತ್ತೆ ಮೊದಲಿಂದ ಅನ್ನುವುದಕ್ಕೆ ಜಾಗವೇ ಇರಲಿಲ್ಲ.

ಮೇಸ್ತ್ರಿಯನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಕಟ್ಟಡದೊಳಗೆ ಬಂದಾಗ ಲಿಫ್ಟಿನ ಮುಂದೆ ಆರು ಜನ ನಿಂತಿದ್ದರು. ಎದುರು ಮನೆಯ ಅಜ್ಜಿ ಕೋಲೂರಿಕೊಂಡು ಮುಂದೆ ಬಂದರು.

"ಏನಾಯ್ತಪ್ಪ ಅವನಿಗೆ?"

"ಲೇಸರ್ ಆಯ್ತು ಅಜ್ಜಿ."

ಆರು ಜನರೂ ಮೇಸ್ತ್ರಿಯನ್ನು ಬೇರೆ ಕಣ್ಣಿನಿಂದ ನೋಡಿದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಕತ್ತಿ ಮುಟ್ಟಿಸಿಲ್ಲ, ಬರೀ ಕಿರಣ," ಅಂದೆ. "ಅದರ ಶಕ್ತಿ ಎಷ್ಟು ಅಂದ್ರೆ ಡಾಕ್ಟರಮ್ಮನೇ ಕಪ್ಪು ಕನ್ನಡಕ ಹಾಕ್ಕೊಂಡು ಮೂರು ಹೆಜ್ಜೆ ದೂರ ನಿಂತ್ಕೋಬೇಕು." ಮೂರು ಹೆಜ್ಜೆ ಅನ್ನುವುದು ಆ ಕ್ಷಣಕ್ಕೆ ನಾಲಿಗೆಗೆ ಬಂದದ್ದು. ಆಮೇಲೆ ಅವರೆಲ್ಲ ಲಿಫ್ಟಿನಲ್ಲಿ ಹೋದರು. ಶಕ್ತಿ ತುಂಬಿದ ಇಪ್ಪತ್ತನಾಲ್ಕು ಕಿಲೋ ಹೊತ್ತುಕೊಂಡು ನಾನು ಮೆಟ್ಟಿಲು ಹತ್ತಿದೆ.

ಮೊದಲ ದಿನ ಹೇಳತೀರದು. ಕೋನ್ ಹಾಕಿದ ಮೇಸ್ತ್ರಿ ಮನೆಯ ಎಲ್ಲ ಸಾಮಾನನ್ನೂ ಒಂದೊಂದಾಗಿ ಗುದ್ದಿ ಪರೀಕ್ಷೆ ಮಾಡಿದ. ಹಿಂದಕ್ಕೆ ನಡೆದ. ಕುರ್ಚಿಯ ಕಾಲನ್ನು ಕೋನಿನೊಳಗೆ ಸಿಕ್ಕಿಸಿಕೊಂಡು ಕುರ್ಚಿಯ ಸಮೇತ ಅಡುಗೆಮನೆಗೆ ಬಂದ. ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ; ಗಾಯಕ್ಕೆ ಮರೆಯಾಗಲಿ ಎಂದು ನನ್ನ ಹಳೆಯ ಅಂಗಿಯೊಂದನ್ನು ಕತ್ತರಿಸಿ ಅವನ ಅಳತೆಗೆ ಹೊಲಿದಳು, ಜೇಬು ಕೂಡ ಬಿಡದೆ. ತೊಡಿಸುವ ಮುಂಚೆ ಗಾಯವನ್ನು ಕಸುಬಿನವಳ ಕಣ್ಣಿನಿಂದ ನೋಡಿದಳು.

"ಹೊಲಿಗೆ ನೀಟಾಗಿದೆ. ಅಲ್ಲ ರೀ, ಲೇಸರ್ ಅಂದ್ರೆ ಹೊಲಿಗೆ ಯಾಕೆ?"

"ಅದೂ ಲೇಸರ್ ಹೊಲಿಗೇನೇ."

ಅವಳು ನನ್ನನ್ನು ಒಂದು ನಿಮಿಷ ನೋಡಿ, ಸೂಜಿಗೆ ದಾರ ಪೋಣಿಸಿಕೊಂಡಳು.

ಎರಡನೇ ದಿನ ಮಧ್ಯಾಹ್ನ ಎದುರು ಮನೆಯ ಅಜ್ಜಿ ಬಂದರು. ಅವರ ಬಲಮಂಡಿ ಹನ್ನೆರಡು ವರ್ಷದಿಂದ ನೋಯುತ್ತಿದೆ. ಆ ಮಂಡಿಯ ಕಥೆ ನಮಗೆಲ್ಲ ಬಾಯಿಪಾಠ. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಷ್ಟು ಹೊತ್ತೂ ಸುತ್ತುತ್ತಿದ್ದ ಮೇಸ್ತ್ರಿ ನೇರವಾಗಿ ಬಂದು ಅವರ ಮಂಡಿಯ ಮೇಲೆ ಗದ್ದ ಇಟ್ಟ. ಕೋನ್ ಮಂಡಿಯನ್ನು ಪೂರ್ತಿ ಮುಚ್ಚಿಕೊಂಡಿತು. ಅವನು ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿದ.

ಅಜ್ಜಿ ಅಲ್ಲಾಡಲಿಲ್ಲ. "ಬರ್ತಾ ಇದೆ," ಅಂದರು ಪಿಸುದನಿಯಲ್ಲಿ.

"ಏನು ಬರ್ತಾ ಇದೆ ಅಜ್ಜಿ?"

"ಲೇಸರ್. ಬೆಚ್ಚಗೆ. ನನ್ನ ಮಂಡಿಗೂ ಲೇಸರ್ ಕೊಡಿಸ್ಬೇಕು, ಹತ್ತು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಅಂತ ಆಸ್ಪತ್ರೇಲಿ ಹೇಳಿದ್ರು. ಅಲ್ಲೂ ಹೀಗೇ ಒಂದು ಕೊಳವೆ ಇಡ್ತಾರಂತೆ. ಯಾರು ಅಷ್ಟು ದೂರ ಹೋಗ್ತಾರೆ ಅಂತ ಬಿಟ್ಟಿದ್ದೆ."

"ಅದು ಹಾಗಲ್ಲ ಅಜ್ಜಿ. ಆಪರೇಷನ್ ಮುಗಿದ ಮೇಲೆ ಲೇಸರ್ ಒಳಗೆ ಉಳಿಯಲ್ಲ."

"ಸುಮ್ನಿರಪ್ಪ. ಡಾಕ್ಟರೇ ಮೂರು ಹೆಜ್ಜೆ ದೂರ ನಿಲ್ತಾರೆ ಅಂತ ನೀನೇ ಹೇಳಿದ್ದು. ಅಷ್ಟು ಶಕ್ತಿ ಒಂದೇ ದಿನಕ್ಕೆ ಆರಿಹೋಗತ್ತಾ?"

ನಾನು ಗಡಿಯಾರ ನೋಡಿಕೊಂಡೆ. ಇಪ್ಪತ್ತು ನಿಮಿಷ ಅಜ್ಜಿ ಅಲ್ಲಾಡಲಿಲ್ಲ, ಮೇಸ್ತ್ರಿಯೂ ಅಲ್ಲಾಡಲಿಲ್ಲ. ಮನೆಯಲ್ಲಿ ಎರಡು ದಿನದಲ್ಲಿ ಮೊದಲ ಸಲ ಸದ್ದಿಲ್ಲ. ಆಮೇಲೆ ಅಜ್ಜಿ ಎದ್ದು, ಬಾಗಿಲು ದಾಟಿ, ತಮ್ಮ ಮನೆಗೆ ಹೋದರು. ಅರ್ಧ ಗಂಟೆಯ ಮೇಲೆ ನೋಡಿದರೆ ಅವರ ಕೋಲು ನಮ್ಮ ಗೋಡೆಗೆ ಒರಗಿಕೊಂಡು ನಿಂತಿತ್ತು.

ಆ ಕೋಲು ನೂರು ಬೋರ್ಡಿನ ಕೆಲಸ ಮಾಡಿತು. ಮೂರನೇ ದಿನ ಬೆಳಗ್ಗೆ ಬಾಗಿಲಲ್ಲಿ ಏಳು ಜನ. ಎರಡು ಮಂಡಿ, ಒಂದು ಭುಜ, ಎರಡು ಬೆನ್ನು, ಒಂದು ಹಿಮ್ಮಡಿ, ಇನ್ನೊಬ್ಬರಿಗೆ ಏನೂ ಇರಲಿಲ್ಲ, ಮುಂದೆ ಬರಬಹುದು ಅಂತ ಬಂದಿದ್ದರು. ಏಳು ಜನರನ್ನು ಒಟ್ಟಿಗೆ ಕಂಡ ಸಂತೋಷಕ್ಕೆ ಮೇಸ್ತ್ರಿ ಹಿಂಗಾಲ ಮೇಲೆ ಎದ್ದುಬಿಟ್ಟ. ನಾನು ಅವನನ್ನು ತಬ್ಬಿ ಹಿಡಿದು ಕೆಳಗೆ ಕೂರಿಸಿದೆ.

ಮೇಸ್ತ್ರಿಗೋಸ್ಕರ ರಜೆ ಹಾಕಿದ್ದೆ, ನಿಜ, ಆದರೂ ಈಗ ನನ್ನ ಉದ್ಯೋಗದ ಬಗ್ಗೆ ಹೇಳಬೇಕು. ಇಪ್ಪತ್ತಮೂರು ವರ್ಷದಿಂದ ಒಂದು ಸರ್ಕಾರಿ ಕಚೇರಿಯ ಟೋಕನ್ ಕಿಟಕಿಯಲ್ಲಿ ಕೂತಿದ್ದೇನೆ. ಜನ ಬರುತ್ತಾರೆ, ಟೋಕನ್ ಕೊಡುತ್ತೇನೆ. ಮೂರಕ್ಕಿಂತ ಹೆಚ್ಚು ಜನ ಒಂದು ಕಡೆ ನಿಂತದ್ದು ಕಂಡರೆ ನನ್ನ ಕೈ ತಾನಾಗಿ ಕಾಗದ ಹುಡುಕುತ್ತದೆ. ಒಂದು ಸಾವಿನ ಮನೆಯಲ್ಲೂ ಟೋಕನ್ ಹಂಚಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಒಂದೇ ಒಂದು ಮಾತು ಹೇಳಿಕೊಟ್ಟಿದ್ದರು: ಯಾರಿಗೆ ಬೇಕಾದರೂ ಟೋಕನ್ ಕೊಡು, ಮುಚ್ಚಿದ ಕೌಂಟರಿಗೆ ಮಾತ್ರ ಕೊಡಬೇಡ, ಜನ ಕಾಯುತ್ತಾ ಕೂತಿರುತ್ತಾರೆ. ಇವತ್ತಿನವರೆಗೆ ಕೊಟ್ಟಿಲ್ಲ.

ಅವತ್ತು ಹೆಂಡತಿಯ ಕ್ಯಾಲೆಂಡರಿನ ಹಳೆಯ ಹಾಳೆ ಕತ್ತರಿಸಿ ಏಳು ಟೋಕನ್ ಮಾಡಿದೆ. ಒಬ್ಬೊಬ್ಬರೇ ಒಳಗೆ, ಇಪ್ಪತ್ತು ನಿಮಿಷ, ಮಾತಿಲ್ಲ, ಹೊಟ್ಟೆಯ ಕಡೆ ಕೈ ಹಾಕುವಂತಿಲ್ಲ. ನನ್ನ ಉದ್ದೇಶ ಗದ್ದಲ ತಪ್ಪಿಸುವುದು ಮಾತ್ರ. ಆದರೆ ಟೋಕನ್ ಸಿಕ್ಕಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಟೋಕನ್ ಕೊಡುತ್ತಾರೆ ಅಂದರೆ ಒಳಗೆ ಏನೋ ಇದೆ. ಇಪ್ಪತ್ತಮೂರು ವರ್ಷದ ಅನುಭವದಿಂದ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ನಾಲ್ಕನೇ ದಿನ ಸಾಲು ಎರಡನೇ ಮಹಡಿಗೆ ಇಳಿಯಿತು. ಬೀದಿಯ ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದ. "ಭುಜ ಏಳ್ತಾ ಇಲ್ಲ ಅಣ್ಣ. ಜಾಸ್ತಿ ಬೇಡ, ಒಂದು ಹತ್ತು ನಿಮಿಷದ ಲೇಸರ್ ಸಾಕು."

ಪ್ರತಿಯೊಬ್ಬರಿಗೂ ಹೇಳಿದೆ, ಇದು ಚಿಕಿತ್ಸೆ ಅಲ್ಲ, ನಾಯಿಗೆ ವಿಶ್ರಾಂತಿ. ಪ್ರತಿಯೊಬ್ಬರೂ, ಗೊತ್ತು ಗೊತ್ತು, ಎಂದು ಕಣ್ಣು ಮಿಟುಕಿಸಿ ಟೋಕನ್ ತೆಗೆದುಕೊಂಡರು. ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು, ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ, ಒಪ್ಪಿಕೊಳ್ಳುತ್ತೇನೆ. ಬಾಗಿಲು ಹಾಕಿದರೆ ಮೇಸ್ತ್ರಿ ಕುಣಿಯುತ್ತಿದ್ದ. ಬಂದವರ ನೋವು ಎಲ್ಲೇ ಇರಲಿ, ಗದ್ದದ ಕೆಳಗೆ ಒಂದು ಮಂಡಿ ಸಿಕ್ಕಿದರೆ ಮಲಗುತ್ತಿದ್ದ. ನನ್ನ ಮಂಡಿ ಕೊಡೋಣವೆಂದರೆ ನನಗೆ ಪುರುಸೊತ್ತಿಲ್ಲ. ಬಾಗಿಲು ಕಾಯಬೇಕು, ದಿನಕ್ಕೆ ಮೂರು ಸಲ ಅವನನ್ನು ಹೊತ್ತು ಮೂರು ಮಹಡಿ ಇಳಿದು ಮೂರು ಮಹಡಿ ಹತ್ತಬೇಕು. ಐದನೇ ದಿನಕ್ಕೆ ನಾನು ನಿಂತರೂ ಬಗ್ಗಿದ ಹಾಗೆ ಕಾಣುತ್ತಿದ್ದೆ. ಸಾಲಿನವರು ಅದನ್ನು ವಿನಯ ಅಂದುಕೊಂಡರು.

ಐದನೇ ದಿನ ಅಧ್ಯಕ್ಷರು ಬಂದರು. ಅವರು ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕೆಳಗಿನಿಂದಲೇ ಅವರ ದನಿ ಕೇಳಿಸಿತು.

"ಏನಿದು ಮೆಟ್ಟಿಲ ಮೇಲೆ ಸಂತೆ? ಎಲ್ಲರೂ ಇಳೀರಿ ಕೆಳಗೆ."

ಆಮೇಲೆ ದನಿ ನಿಂತಿತು. ಬಗ್ಗಿ ನೋಡಿದೆ. ಬೇಕರಿಯವನ ಕೈಯಲ್ಲಿದ್ದ ಟೋಕನ್ನನ್ನು ಅಧ್ಯಕ್ಷರು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಿಂದೆ ಮುಂದೆ ತಿರುಗಿಸಿದರು. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಮೃದುತ್ವ ಇತ್ತು.

"ಹದಿನೆಂಟು. ನೀವು?"

"ಹತ್ತೊಂಬತ್ತು ಸಾರ್."

"ನೀವು? ಇಪ್ಪತ್ತೊಂದು ಇಲ್ಲಿ ಯಾಕೆ ನಿಂತಿದೀರಿ, ಇಪ್ಪತ್ತರ ಹಿಂದೆ ಹೋಗಿ."

ಹೀಗೆ ತಪಾಸಣೆ ಮಾಡುತ್ತಲೇ ಬಾಗಿಲಿಗೆ ಬಂದರು. ನನ್ನ ಕೈ, ನನ್ನನ್ನು ಕೇಳದೆ, ಒಂದು ಟೋಕನ್ ಚಾಚಿತು. ಅವರು ಅದನ್ನು ನೋಡಿದರು. ಟೋಕನ್ ಇಲ್ಲದೆ ಒಳಗೆ ಹೋಗುವುದು ಅವರ ಜನ್ಮಕ್ಕೆ ಆಗದ ಮಾತು. ಟೋಕನ್ ಸಿಕ್ಕಿದ ಮೇಲೆ ಪ್ರಯಾಣ ಮಾಡದಿರುವುದೂ ಅಷ್ಟೇ.

"ಪರಿಶೀಲನೆಗೆ ಬಂದಿದೀನಿ," ಅಂದರು. "ಎಡಮಂಡಿ."

ಆರನೇ ದಿನ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಫೈಲಿನೊಂದಿಗೆ ಬಂದರು. ಮೂರನೇ ಮಹಡಿಯಲ್ಲಿ ಪರವಾನಗಿ ಇಲ್ಲದೆ ಚಿಕಿತ್ಸೆ ನಡೆಯುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದರಂತೆ.

"ಚಿಕಿತ್ಸೆ ಕೊಡ್ತಿರೋರು ಯಾರು?"

"ಯಾರೂ ಇಲ್ಲ ಸಾರ್. ಒಳಗೆ ನಾಯಿ ಇದೆ."

"ನಾಯಿ." ಬರೆದುಕೊಂಡರು. "ವಿದ್ಯಾರ್ಹತೆ?"

"ಸಾರ್, ಅದಕ್ಕೆ ಆಪರೇಷನ್ ಆಗಿದೆ."

"ಆಪರೇಷನ್ ಆದ ನಾಯಿ ಚಿಕಿತ್ಸೆ ಕೊಡ್ತಿದೆಯೋ, ತಗೋತಿದೆಯೋ? ಎರಡಕ್ಕೂ ಬೇರೆ ಬೇರೆ ಫಾರಂ."

ಅಷ್ಟರಲ್ಲಿ ನನ್ನ ಕೈ ಟೋಕನ್ ಕೊಟ್ಟಿತ್ತು. ಇನ್ಸ್‌ಪೆಕ್ಟರು ಬೈಯಲು ಬಾಯಿ ತೆರೆದರು. ಹಿಂದಿನಿಂದ ಎದುರು ಮನೆಯ ಅಜ್ಜಿ, "ಸರದಿ ಬಿಡ್ಬೇಡಪ್ಪ, ಆಮೇಲೆ ಸಿಗಲ್ಲ," ಅಂದರು. ಇನ್ಸ್‌ಪೆಕ್ಟರು ಒಳಗೆ ಹೋದರು. ಇಪ್ಪತ್ತು ನಿಮಿಷವಾಯಿತು, ಬರಲಿಲ್ಲ. ನಲವತ್ತಾಯಿತು. ಇಣುಕಿದರೆ, ಫೈಲು ನೆಲದ ಮೇಲೆ, ಮೇಸ್ತ್ರಿಯ ಗದ್ದ ಅವರ ಮಂಡಿಯ ಮೇಲೆ, ಅವರ ಗದ್ದ ಅವರ ಎದೆಯ ಮೇಲೆ. ಎಬ್ಬಿಸಿದ ಮೇಲೆ ಕನ್ನಡಕ ಸರಿಮಾಡಿಕೊಂಡು ವರದಿ ಬರೆದರು: ಸ್ಥಳದಲ್ಲಿ ಯಾವುದೇ ಚಿಕಿತ್ಸೆ ಕಂಡುಬಂದಿಲ್ಲ, ಒಂದು ನಾಯಿ ಮಲಗಿತ್ತು. ಬೇರೆ ಯಾರು ಮಲಗಿದ್ದರು ಎಂದು ಬರೆಯಲಿಲ್ಲ. ಹೋಗುವಾಗ, ಕಚೇರಿಯ ಗದ್ದಲದಲ್ಲಿ ಮೂರು ವಾರದಿಂದ ನಿದ್ದೆ ಇರಲಿಲ್ಲ, ಎಂದು ನನ್ನ ಕೈ ಕುಲುಕಿದರು.

ಏಳನೇ ದಿನ ಬಂದದ್ದು ನಿಜವಾದ ಗಂಡಾಂತರ. ಅಧ್ಯಕ್ಷರು ಒಳಗೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು, ಅವರ ಎಡಮಂಡಿ ಕೋನಿನೊಳಗೆ. ಆಗ ಪಕ್ಕದ ಕಟ್ಟಡದ ಬಾಲ್ಕನಿಯಿಂದ ಬಿಳಿ ನಾಯಿ ಬೊಗಳಿತು.

ಮೇಸ್ತ್ರಿಯ ಕಿವಿ ನಿಮಿರಿದವು. ಕೋನ್ ನಿಧಾನವಾಗಿ ಮಂಡಿಯಿಂದ ಮೇಲೆದ್ದಿತು. ಹಿಂಗಾಲು ಕುಗ್ಗಿದವು. ಕಿಟಕಿ ಆರಡಿ ದೂರ, ನಡುವೆ ಹೊಲಿಗೆ ಯಂತ್ರ. ನನ್ನ ಹೆಂಡತಿಯ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ನಾನು ಬಾಗಿಲಲ್ಲಿ ಬಗ್ಗಿದ್ದೆ, ಓಡಲು ಸೊಂಟ ಒಪ್ಪಲಿಲ್ಲ. ಏಳು ದಿನ ಕಾಪಾಡಿದ ಗಾಯ ಒಂದೇ ನೆಗೆತಕ್ಕೆ ಬಿಚ್ಚಿಕೊಳ್ಳುತ್ತದೆ, ಮೇಸ್ತ್ರಿಯ ಕುತ್ತಿಗೆಗೆ ಸರಪಳಿ ಬೀಳುತ್ತದೆ, ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು.

ಅಧ್ಯಕ್ಷರು ಕಣ್ಣು ತೆರೆಯಲಿಲ್ಲ. ಕೋನಿನ ಅಂಚಿನ ಮೇಲೆ ಅಂಗೈ ಇಟ್ಟರು. ಟಿಕೆಟ್ ಇಲ್ಲದವರ ಜೊತೆ ಮೂವತ್ತು ವರ್ಷ ಮಾತಾಡಿದ ದನಿಯಲ್ಲಿ ಹೇಳಿದರು: "ಕೂತ್ಕೊಳ್ಳಪ್ಪ. ಇದು ನಿನ್ನ ಸ್ಟೇಷನ್ ಅಲ್ಲ."

ಮೇಸ್ತ್ರಿ ಕೂತ. ಬಿಳಿ ನಾಯಿ ಆರು ನಿಮಿಷ ಬೊಗಳಿತು. ಅಷ್ಟು ಹೊತ್ತೂ ಆ ಅಂಗೈ ಕದಲಲಿಲ್ಲ. ಅಧ್ಯಕ್ಷರ ಸಮಯ ಮುಗಿದಿತ್ತು. ಮುಂದಿನ ಟೋಕನ್ನಿನವರು ಒಂದು ಮಾತೂ ಆಡದೆ ಕಾದರು. ನನ್ನ ಕಣ್ಣು ಒದ್ದೆಯಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅಧ್ಯಕ್ಷರು ಎದ್ದು ಪ್ಯಾಂಟು ಕೊಡವಿಕೊಂಡರು. "ಇದರಿಂದ ಸಭೆಯ ತೀರ್ಮಾನದಲ್ಲಿ ಯಾವ ವ್ಯತ್ಯಾಸಾನೂ ಆಗಲ್ಲ, ತಿಳ್ಕೊಳ್ಳಿ." ಬಾಗಿಲಿಗೆ ಹೋಗಿ ಹಿಂದಿರುಗಿದರು. "ನಾಳೆಗೆ ಒಂದು ಟೋಕನ್ ಕೊಡಿ."

ಹತ್ತನೇ ದಿನ ಬೆಳಗ್ಗೆ ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋದೆ. ಡಾಕ್ಟರಮ್ಮ ಗಾಯ ನೋಡಿ, ಹೊಲಿಗೆ ಬಿಚ್ಚಿ, ಮತ್ತೊಮ್ಮೆ ನೋಡಿದರು.

"ಎಷ್ಟು ಚೆನ್ನಾಗಿ ಕೂಡಿಕೊಂಡಿದೆ. ಈ ವಯಸ್ಸಿನ ಗಂಡು ನಾಯೀನ ಇಷ್ಟು ಶಾಂತವಾಗಿ ಇಟ್ಕೊಂಡೋರನ್ನ ನಾನು ನೋಡಿಲ್ಲ. ನಾಳೆ ಮಧ್ಯಾಹ್ನದ ಮೇಲೆ ಕೋನ್ ತೆಗೀಬಹುದು."

"ಎಲ್ಲ ನಿಮ್ಮ ಲೇಸರ್ ಮಹಿಮೆ," ಅಂದೆ.

ಅವರು ತಲೆಯೆತ್ತಿದರು. "ಲೇಸರ್ ಎಲ್ಲಿತ್ತು? ಅವತ್ತು ಯಂತ್ರ ಕೆಟ್ಟಿತ್ತಲ್ಲ. ಮಾಮೂಲಿ ಕತ್ತೀಲೇ ಮಾಡ್ತೀವಿ, ಒಪ್ಪಿಗೆ ಇದ್ರೆ ಸಹಿ ಹಾಕಿ ಅಂದೆ, ನೀವು ಹಾಕಿದ್ರಿ. ನಗ್ತಾ ಹಾಕಿದ್ರಿ."

ಕಾಗದ ತೋರಿಸಿದರು. ನನ್ನದೇ ಸಹಿ, ಕೆಳಗೆ ಎರಡು ಗೀಟು ಬೇರೆ ಎಳೆದಿದ್ದೆ. ಅಜ್ಜಿಯ ಮಂಡಿಯ ವಿಷಯ ಹೇಳಿ, ಹಾಗಾದರೆ ಆ ಬಿಸಿ ಎಲ್ಲಿಂದ ಬಂತು ಎಂದು ಕೇಳಿದೆ. "ನಾಯಿ ಮೈ ನಮ್ಮ ಮೈಗಿಂತ ಬಿಸಿ ಕಣ್ರೀ. ಇಪ್ಪತ್ತು ನಿಮಿಷ ಬೆಚ್ಚಗೆ ಅಲ್ಲಾಡದೆ ಕೂತ್ರೆ ಎಷ್ಟೋ ಜನರಿಗೆ ಹಾಯ್ ಅನ್ಸತ್ತೆ," ಅಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಯಂತ್ರ ನಿಲ್ಲಿಸಲೂ ಇಲ್ಲ. "ನಾನು ಹೊಲಿಗೆ ನೋಡಿದ ದಿನವೇ ಅಂದುಕೊಂಡೆ," ಅಂದಳು.

ಹನ್ನೊಂದನೇ ದಿನ ಬೆಳಗ್ಗೆ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿ ಜನ ಸ್ಕೂಟರುಗಳ ಮೇಲೂ ಕೂತಿದ್ದರು. ಮೇಸ್ತ್ರಿಯನ್ನು ಹೊತ್ತು ಇಳಿದೆ. ಮುಂದಿನ ಸಾಲಿನಲ್ಲಿ ಭಾವ, ತೊಡೆಯ ಮೇಲೆ ಚೀಲ, ಚೀಲದ ಬಾಯಿಂದ ಸರಪಳಿಯ ತುದಿ ಕಾಣುತ್ತಿತ್ತು.

ಅಧ್ಯಕ್ಷರು ಠರಾವು ಓದಿದರು. ಸದರಿ ನಾಯಿಯಿಂದ ನಿವಾಸಿಗಳಿಗೆ ಆಗುತ್ತಿರುವ ಉಪಯೋಗವನ್ನು ಮನಗಂಡು, ಅದರಲ್ಲಿ ಲೇಸರ್ ಇರುವವರೆಗೆ ಅದನ್ನು ಕಟ್ಟಡದಲ್ಲಿ ಉಳಿಸಿಕೊಳ್ಳತಕ್ಕದ್ದು. ಲೇಸರ್ ಮುಗಿದ ನಂತರ ಹಳೆಯ ನೋಟಿಸಿನ ಪ್ರಕಾರ ಕ್ರಮ ಜರುಗಿಸತಕ್ಕದ್ದು.

"ಹೇಳಿ," ಅಂದರು ನನ್ನ ಕಡೆ ತಿರುಗಿ. "ಎಷ್ಟು ದಿನ ಇರತ್ತೆ ಲೇಸರ್?"

ಒಂದೇ ಒಂದು ಮಾತು ಸಾಕಿತ್ತು. ಜೀವನಪೂರ್ತಿ. ಒಂದು ಅಳತೆ ದೊಡ್ಡದಾಗಿ ಹೇಳುವುದರಲ್ಲಿ ಈ ಕಟ್ಟಡದಲ್ಲಿ ನನ್ನನ್ನು ಮೀರಿಸುವವರಿಲ್ಲ. ಬಾಯಿ ತೆರೆದೆ. ಆಗ ಕಂಡಿತು: ಅಜ್ಜಿಯ ಕೈಯಲ್ಲಿ ಟೋಕನ್. ಬೇಕರಿಯವನ ಜೇಬಿನಲ್ಲಿ ಟೋಕನ್. ಅಧ್ಯಕ್ಷರ ಫೈಲಿನಲ್ಲಿ ಪುಟದ ಗುರುತಿಗೆ ಇಟ್ಟದ್ದೂ ಟೋಕನ್ನೇ. ನಾನೇ ಕತ್ತರಿಸಿ ಕೊಟ್ಟದ್ದು. ಮುಚ್ಚಿದ ಕೌಂಟರಿಗೆ.

"ಲೇಸರ್ ಇಲ್ಲ," ಅಂದೆ. "ಇರಲೇ ಇಲ್ಲ. ಅವತ್ತು ಯಂತ್ರ ಕೆಟ್ಟಿತ್ತು, ಕತ್ತೀಲಿ ಮಾಡಿದಾರೆ. ನಾನು ಓದದೆ ಸಹಿ ಹಾಕಿದೀನಿ. ಕಪ್ಪು ಕನ್ನಡಕ, ಮೂರು ಹೆಜ್ಜೆ, ಎಲ್ಲ ನಾನು ಸೇರಿಸಿದ್ದು. ತಪ್ಪು ನಂದು, ಅವನದಲ್ಲ. ಅವನನ್ನ ಕಳಿಸ್ಬೇಡಿ."

ಭಾವ ಎದ್ದು ಸರಪಳಿ ತೆಗೆದರು. "ಸರಿ ಹಾಗಾದ್ರೆ. ಕರ್ಕೊಂಡು ಹೊರಡ್ತೀನಿ."

ಎದುರು ಮನೆಯ ಅಜ್ಜಿ ಎದ್ದು ನಿಂತರು. ಕೋಲು ತಂದಿರಲಿಲ್ಲ. "ಇರಪ್ಪ. ಅಂದ್ರೆ ಅವನಲ್ಲಿ ಯಾವ ಯಂತ್ರದ ಶಕ್ತೀನೂ ಇರ್ಲಿಲ್ವಾ?"

"ಇಲ್ಲ ಅಜ್ಜಿ."

"ಬರೀ ನಾಯಿ?"

"ಬರೀ ನಾಯಿ."

ಅಜ್ಜಿ ಸಭೆಯ ಕಡೆ ತಿರುಗಿದರು. "ಕೇಳಿದ್ರಾ? ಹನ್ನೆರಡು ವರ್ಷದ ಮಂಡಿ. ಯಾವ ಯಂತ್ರಾನೂ ಇಲ್ದೆ, ಹೊಟ್ಟೇಲಿ ಗಾಯ ಇಟ್ಕೊಂಡು, ಬರೀ ತನ್ನ ಮೈಯಿಂದ ಇಷ್ಟು ಮಾಡಿದಾನೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಬೇಕರಿಯವನು ತನ್ನ ಭುಜವನ್ನು ಒಂದು ಸುತ್ತು ತಿರುಗಿಸಿ ನೋಡಿಕೊಂಡ. "ಯಂತ್ರದ್ದಾಗಿದ್ರೆ ಒಂದಿನ ಖಾಲಿಯಾಗ್ತಿತ್ತು. ಇದು ಅವನ ಸ್ವಂತದ್ದು." ನಾನು, ಹಾಗಲ್ಲ, ಎಂದು ಹೇಳಲು ಹೋದೆ. ಹೆಂಡತಿ ನನ್ನ ಕಾಲು ತುಳಿದಳು. ಸತ್ಯ ಹೇಳಿ ಆಗಿದೆ, ಎರಡನೇ ಸಲ ಬೇಡ ಅನ್ನುವ ಅರ್ಥದಲ್ಲಿ.

ಈ ಗಲಾಟೆಯ ನಡುವೆ ಮೇಸ್ತ್ರಿ ತನ್ನ ಪಾಡಿಗೆ ನಡೆದುಹೋಗಿ ಭಾವನ ಮುಂದೆ ಕೂತ. ಭಾವ ಹೆದರಿ ಕುರ್ಚಿಗೆ ಕುಸಿದರು. ಕೋನ್ ಅವರ ಮಂಡಿಯನ್ನೂ ಸರಪಳಿಯನ್ನೂ ಒಟ್ಟಿಗೆ ಮುಚ್ಚಿತು. ಅವನು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿದ. ಭಾವ ಅತ್ತ ಇತ್ತ ನೋಡಿದರು, ಬಿಡಿಸಿಕೊಳ್ಳಲಿಲ್ಲ.

"ಇವನನ್ನ ಗೋಡೌನಿಗೆ ಹಾಕಿ ಏನು ಪ್ರಯೋಜನ?" ಅಂದರು ಸ್ವಲ್ಪ ಹೊತ್ತಿನ ಮೇಲೆ. "ಕಳ್ಳ ಬಂದ್ರೂ ಮಂಡಿಗೆ ಶಾಖ ಕೊಟ್ಟು ಕಳಿಸ್ತಾನೆ. ನನಗೆ ಬೇಡಪ್ಪ."

ಅಧ್ಯಕ್ಷರು ಕನ್ನಡಕ ಮೇಲೆ ಸರಿಸಿ ಮೇಸ್ತ್ರಿಯನ್ನು ನೋಡಿದರು. "ಸದರಿ ನಾಯಿ ಶಾಂತವಾಗಿ ಕಂಡುಬಂದಿದೆ," ಎಂದು ಬರೆದರು. ಆಮೇಲೆ ಠರಾವಿನಲ್ಲಿ 'ಲೇಸರ್ ಇರುವವರೆಗೆ' ಅನ್ನುವುದನ್ನು ಹೊಡೆದುಹಾಕಿ, 'ನಾಯಿ ಇರುವವರೆಗೆ' ಎಂದು ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. "ಲಿಫ್ಟಿನ ನಿರ್ಬಂಧ ರದ್ದು. ವಿರೋಧ ಇರೋರು ಕೈಯೆತ್ತಿ."

ಒಂದು ಕೈಯೂ ಏಳಲಿಲ್ಲ. ಬೇಕರಿಯವನು ಕೂಡ ಭುಜ ಕೆಳಗಿಟ್ಟುಕೊಂಡ. ನಾನು ಎದ್ದು ನಿಂತು ಕೃತಜ್ಞತೆ ಹೇಳಬೇಕೆಂದರೆ ಸೊಂಟ ನೆಟ್ಟಗಾಗಲಿಲ್ಲ, ಬಗ್ಗಿಕೊಂಡೇ ಹೇಳಿದೆ. ನಲವತ್ತು ಮನೆಯವರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಕಣ್ಣು ತೆರೆದು, ಯಾರು ಕೆಲಸ ಬಿಟ್ಟು ಕೂತಿದ್ದಾರೆ ಎಂದು ಒಮ್ಮೆ ನೋಡಿ, ಮತ್ತೆ ಮುಚ್ಚಿದ.

ಲಿಫ್ಟಿನಲ್ಲಿ ಮೇಲೆ ಹೋದೆವು, ಮೂವರೂ. ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಮೇಸ್ತ್ರಿಯ ಕೋನ್ ತೆಗೆದಳು. ಅವನು ತಲೆ ಕೊಡವಿ ನಿಂತ. ಅವಳು ಅವನು ತೊಟ್ಟಿದ್ದ ನನ್ನ ಹಳೆಯ ಅಂಗಿಯ ಜೇಬಿಗೆ ಕೈಹಾಕಿ ಒಂದು ಟೋಕನ್ ತೆಗೆದು ನನ್ನ ಮುಂದೆ ಹಿಡಿದಳು.

"ನೂರಾ ಹದಿನಾಲ್ಕು. ನಿನ್ನೇನೇ ತೆಗೆದಿಟ್ಟಿದೀನಿ. ಹೋಗಿ ಕೂತ್ಕೊಳ್ಳಿ. ಊರನ್ನೆಲ್ಲ ಕೂರಿಸಿ ನೀವೊಬ್ರೇ ಬಗ್ಗಿ ಓಡಾಡ್ತಿದೀರಿ."

ನೂರಾ ಹದಿಮೂರು ಜನರನ್ನು ಕಳಿಸಿದ ಸ್ಟೂಲಿನ ಮೇಲೆ ಮೊದಲ ಸಲ ನಾನು ಕೂತೆ. ಮೇಸ್ತ್ರಿ ಬಂದು ನನ್ನ ಮಂಡಿಯ ಮೇಲೆ ಗದ್ದ ಇಟ್ಟ. ಬಿಸಿಯಾಗಿತ್ತು. ಅವನ ಕಿವಿಯ ಹಿಂದೆ ಕೈ ಇಟ್ಟೆ, ಅವನು ನಿಟ್ಟುಸಿರು ಬಿಟ್ಟ, ನಾನೂ ಬಿಟ್ಟೆ. ಇವನು ಇಲ್ಲೇ ಇರುತ್ತಾನೆ ಅನ್ನುವುದು ಆಗ ನನಗೆ ನಿಜವಾಗಿ ತಲುಪಿತು.

ಬಾಗಿಲಾಚೆ ಎದುರು ಮನೆಯ ಅಜ್ಜಿಯ ದನಿ ಕೇಳಿಸಿತು. "ಯಾರಮ್ಮ ಒಳಗೆ? ತುಂಬಾ ಹೊತ್ತಾಯ್ತು. ಟೋಕನ್ ಇದೆಯಾ ಅವರ ಹತ್ರ?"

ಕೂತಲ್ಲಿಂದಲೇ ಕೈಯೆತ್ತಿ ತೋರಿಸಿದೆ.

ಇಪ್ಪತ್ತು ನಿಮಿಷದ ಮೇಲೆ ಎದ್ದು ನಿಂತಾಗ ನನ್ನ ಸೊಂಟ ನೆಟ್ಟಗಿತ್ತು. ಇದರಲ್ಲಿ ಒಂದು ಅಳತೆಯೂ ಹೆಚ್ಚಿಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.